ನಿಂತುಹೋದ ಲೀವರ್ ಮತ್ತು ಮಂಗಳೂರಿನ ಒಂದು ದುರಸ್ತಿ ಅಂಗಡಿ

ಕಳೆದ ವರ್ಷದ ವಿಟ್ಲಪಿಂಡಿಯ, ಅಂದರೆ ಕೃಷ್ಣಾಷ್ಟಮಿಯ ಮರುದಿನದ ಉತ್ಸವದ, ಮಧ್ಯಾಹ್ನ, ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ತಂಡವೊಂದು ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದಾಗ, ನನ್ನ ಕ್ಯಾಮೆರಾದ ಫಿಲ್ಮ್ ಎಳೆಯುವ ಲೀವರ್ ಅರ್ಧದಾರಿಯಲ್ಲಿ ನಿಂತಿತು. ಎಣಿಕೆಯ ಕಿಂಡಿಯಲ್ಲಿ 22 ಕಾಣುತ್ತಿತ್ತು. ಒಳಗಿದ್ದದ್ದು 36 ಚಿತ್ರಗಳ ರೋಲು. ಹೆಬ್ಬೆರಳು ತೆಗೆದರೆ ಲೀವರ್ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ತಳ್ಳಿದರೆ ಅದೇ ಜಾಗಕ್ಕೆ ಬಂದು ಗೋಡೆಗೆ ತಾಗಿದಂತೆ ತಡೆಯುತ್ತಿತ್ತು. ಶಟರ್ ಗುಂಡಿಯೂ ಒತ್ತಿಕೊಳ್ಳುತ್ತಿರಲಿಲ್ಲ. ಆ ಕ್ಯಾಮೆರಾವನ್ನು ಮಂಗಳೂರಿನ ಒಂದು ಪುಟ್ಟ ಅಂಗಡಿಯಲ್ಲಿ ಹೇಗೆ ಸರಿಮಾಡಿಕೊಟ್ಟರು, ಅಲ್ಲಿನ ಕೆಲಸ ಎಂಥದ್ದು, ಎಲ್ಲಿ ಕೊರತೆಯಿದೆ ಎಂಬುದನ್ನು ಹಳೆಯ ಕ್ಯಾಮೆರಾಗಳನ್ನು ಇಟ್ಟುಕೊಂಡು ಕರಾವಳಿಯಲ್ಲಿ ಬದುಕುವವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾದ ವಿಷಯ. ಅದು ಕ್ಯಾನನ್ ಕಂಪನಿಯ ಕ್ಯಾನನೆಟ್ ಕ್ಯೂಎಲ್17 ಜಿ-III. ಕ್ಯಾನನೆಟ್ ಸರಣಿ ಆರಂಭವಾದದ್ದು 1961ರಲ್ಲಿ, ಈ ಮಾದರಿ ಬಂದದ್ದು 1972ರಲ್ಲಿ. 40 ಮಿಲಿಮೀಟರಿನ, ಎಫ್1.7 ತೆರಪಿನ (ಬೆಳಕು ಒಳಬರುವ ಕಿಂಡಿಯ ಅಳತೆ) ಲೆನ್ಸ್ ಅದರ ಮೈಗೇ ಕೂಡಿಕೊಂಡಿದೆ, ಶಟರ್ ಲೆನ್ಸಿನ ಒಳಗೇ ಇದೆ, ವೇಗ ಕಾಲು ಸೆಕೆಂಡಿನಿಂದ ಸೆಕೆಂಡಿನ 500ನೆಯ ಒಂದು ಭಾಗದವರೆಗೆ. ಬಹರೈನಿನಲ್ಲಿ ಕೆಲಸದಲ್ಲಿದ್ದ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ರಜೆಗೆ ಬಂದಾಗ ತಂದದ್ದು. ನಮ್ಮ ಮನೆಯ ಮದುವೆ, ನಾಮಕರಣ, ಭೂತಕೋಲಗಳ ಚಿತ್ರಗಳೆಲ್ಲ ಇದರಲ್ಲಿ ತೆಗೆದವು. ಕೊಲ್ಲಿಯಿಂದ ಹಾಗೆ ಬಂದ ಕ್ಯಾಮೆರಾಗಳು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಪಾಟುಗಳಲ್ಲಿ ಇನ್ನೂ ಸಾಕಷ್ಟು ಇರಬೇಕು. ಅವುಗಳಲ್ಲಿ ಹಲವು ಕೆಟ್ಟಿವೆಯೆಂದು ಮನೆಯವರು ತಿಳಿದಿದ್ದರೂ ನಿಜಕ್ಕೂ ಕೆಟ್ಟಿರುವುದಿಲ್ಲ ಎಂಬುದು ಈಗ ನನ್ನ ನಂಬಿಕೆ.

ಈ ಮಾದರಿಯಲ್ಲಿ ಕೆಟ್ಟಂತೆ ತೋರುವ, ಆದರೆ ಕೆಡದ ಒಂದು ಸ್ಥಿತಿಯಿದೆ. ತೆರಪಿನ ಉಂಗುರವನ್ನು ‘ಎ’ ಗುರುತಿಗೆ ಇಟ್ಟರೆ ಶಟರ್ ವೇಗವನ್ನು ನಾವು ಆರಿಸುತ್ತೇವೆ, ತೆರಪನ್ನು ಕ್ಯಾಮೆರಾ ಆರಿಸುತ್ತದೆ. ಬೆಳಕು ಅದರ ಅಳತೆಯ ಮಿತಿಯಿಂದ ಹೊರಗಿದ್ದರೆ, ಅಥವಾ ಬ್ಯಾಟರಿ ಮುಗಿದಿದ್ದರೆ, ತಪ್ಪು ಚಿತ್ರ ಆಗದಿರಲೆಂದು ಶಟರ್ ಗುಂಡಿಯನ್ನೇ ಅದು ತಡೆದುಬಿಡುತ್ತದೆ. ಗುಂಡಿ ಇಳಿಯದ ಕಾರಣ ಲೀವರೂ ಮುಂದಕ್ಕೆ ಹೋಗುವುದಿಲ್ಲ. ಎರಡೂ ನಿಂತದ್ದನ್ನು ಕಂಡು ಯಂತ್ರವೇ ಸಿಕ್ಕಿಕೊಂಡಿದೆ ಎಂದುಕೊಳ್ಳುವುದು ಸಹಜ. ಉಂಗುರವನ್ನು ‘ಎ’ಯಿಂದ ತಪ್ಪಿಸಿ ಯಾವುದಾದರೂ ಸಂಖ್ಯೆಗೆ ತಂದರೆ ಶಟರ್ ಬೀಳುತ್ತದೆ, ಕ್ಯಾಮೆರಾ ಎಂದಿನಂತೆ ನಡೆಯುತ್ತದೆ. ರಥಬೀದಿಯ ಅಂಗಡಿಯೊಂದರ ಜಗಲಿಯಲ್ಲಿ ನಿಂತು ನಾನು ಮೊದಲು ಮಾಡಿ ನೋಡಿದ್ದು ಇದನ್ನೇ. ಆದರೆ ನನ್ನ ಲೀವರ್ ಆರಂಭದಲ್ಲಿ ನಿಂತದ್ದಲ್ಲ, ನಡುವೆ ನಿಂತದ್ದು. ಆ ವ್ಯತ್ಯಾಸಕ್ಕೆ ಎಷ್ಟು ಅರ್ಥವಿದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಬೇರೆ ಊರಿನ ಒಂದು ದುರಸ್ತಿ ಕೇಂದ್ರಕ್ಕೆ ಫೋನ್ ಮಾಡಿದಾಗ, ಇಂಥವಕ್ಕೆ ಬಿಡಿಭಾಗ ಸಿಗುವುದಿಲ್ಲ, ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟುಕೊಳ್ಳಿ ಎಂಬ ಉತ್ತರ ಬಂತು. ಕ್ಯಾಮೆರಾ ನೋಡದೆಯೇ ಕೊಟ್ಟ ಆ ಉತ್ತರದಿಂದ ಬೇಸರವಾಯಿತು. ಕೊನೆಗೆ ಮಂಗಳೂರಿನಲ್ಲಿ ಬಹುಕಾಲ ಮದುವೆಯ ಚಿತ್ರ ತೆಗೆದ ಸಂಬಂಧಿಕರೊಬ್ಬರು ಈ ಅಂಗಡಿಯ ದಾರಿ ಹೇಳಿದರು.

ಹಂಪನಕಟ್ಟೆಯಿಂದ ಮಂಗಳೂರಿನ ರಥಬೀದಿಯ ಕಡೆಗೆ ಹೋಗುವಾಗ ಸಿಗುವ ಹಳೆಯ ಹಂಚಿನ ಮಾಡಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಅಂಗಡಿಯಿದೆ. ಬೋರ್ಡು ಇಲ್ಲ. ಇರುವ ಕೆಲಸವೇ ಕೈಗೆ ಮೀರಿದೆ, ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡದ್ದರಿಂದ ಇಲ್ಲಿ ಹೆಸರು ಬರೆದಿಲ್ಲ. ಆ ಸುತ್ತಿನ ಯಾವುದೇ ಹಳೆಯ ಸ್ಟುಡಿಯೋದಲ್ಲಿ ವಿಚಾರಿಸಿದರೆ ಕೈತೋರಿಸುತ್ತಾರೆ. ಮರದ ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿನವರು ಜೊತೆಗೆ ಯಾರನ್ನಾದರೂ ಕರೆದೊಯ್ಯುವುದು ಒಳ್ಳೆಯದು. ಒಳಗೆ ಕಿಟಕಿಗೆ ತಾಗಿಕೊಂಡು ಒಂದು ಮೇಜು, ಅದರ ಮೇಲೆ ಬಿಳಿಯ ಬಟ್ಟೆ, ಅಂಚಿಗೆ ತೆಳುವಾದ ಮರದ ಪಟ್ಟಿ. ಉರುಳಿದ ಸ್ಕ್ರೂ ನೆಲಕ್ಕೆ ಬೀಳದಿರಲೆಂದು ಆ ಪಟ್ಟಿ. ಮಾಲೀಕರಿಗೆ ಎಪ್ಪತ್ತು ದಾಟಿರಬಹುದು. ಕೈ ಸ್ವಲ್ಪವೂ ನಡುಗುವುದಿಲ್ಲ.

ಅವರು ಮೊದಲು ಕೇಳಿದ್ದು, ‘ಒತ್ತಿ ತಿರುಗಿಸಿದ್ದೀರಾ?’ ಎಂದು. ಎರಡು ಸಲ ಸ್ವಲ್ಪ ಜೋರಾಗಿಯೇ ಒತ್ತಿದ್ದೇನೆ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ; ಯಾವ ಜಾಗಕ್ಕೆ ಬಂದು ನಿಂತಿತು, ನಿಲ್ಲುವ ಮೊದಲು ಸದ್ದೇನಾದರೂ ಬಂತೇ, ಕೊನೆಯ ಚಿತ್ರ ತೆಗೆದಾಗ ಶಟರಿನ ಸದ್ದು ಎಂದಿನಂತಿತ್ತೇ, ಈ ಮೊದಲು ಯಾವಾಗಲಾದರೂ ಹೀಗಾಗಿತ್ತೇ ಎಂದು ಒಂದೊಂದಾಗಿ ಕೇಳಿದರು. ಹತ್ತು ನಿಮಿಷ ಕ್ಯಾಮೆರಾವನ್ನು ಬಿಚ್ಚುವ ಮಾತೇ ಇರಲಿಲ್ಲ. ಈ ಅಂಗಡಿಯ ಬಗ್ಗೆ ನನ್ನಲ್ಲಿ ವಿಶ್ವಾಸ ಹುಟ್ಟಿದ್ದು ಆ ಹತ್ತು ನಿಮಿಷಗಳಲ್ಲಿ.

ಲೀವರ್ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ ಎಂದು ಅವರು ವಿವರಿಸಿದರು. ಇಂಥ ಕ್ಯಾಮೆರಾದಲ್ಲಿ ಹೆಬ್ಬೆರಳಿನ ಒಂದು ಎಳೆತ ಮೂರು ಕೆಲಸ ಮಾಡುತ್ತದೆ: ಹಲ್ಲುಗಳಿರುವ ಉರುಳೆ ಫಿಲ್ಮನ್ನು ಎಂಟು ರಂಧ್ರಗಳಷ್ಟು ಮುಂದಕ್ಕೆ ಎಳೆಯುತ್ತದೆ, ಲೆನ್ಸಿನೊಳಗಿನ ಶಟರಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಎಣಿಕೆಯ ಚಕ್ರ ಒಂದು ಗೆರೆ ಮುಂದಕ್ಕೆ ಹೋಗುತ್ತದೆ. ಲೀವರ್ ಕದಲುವುದೇ ಇಲ್ಲವೆಂದರೆ ಹಿಂದಿನ ಎಳೆತ ಪೂರ್ಣವಾಗಿದೆ, ಆದರೆ ಶಟರ್ ಬಿದ್ದಿಲ್ಲ ಎಂದು ಅರ್ಥ. ತಪ್ಪನ್ನು ಲೆನ್ಸಿನ ಕಡೆ ಹುಡುಕಬೇಕು. ನಡುವೆ ನಿಂತರೆ ಫಿಲ್ಮ್ ಸಾಗುವ ದಾರಿಯಲ್ಲಿ ಏನೋ ತಡೆಯಿದೆ. ಫಿಲ್ಮ್ ಮುಗಿದಾಗಲೂ ಹೀಗೆಯೇ ನಡುವೆ ನಿಲ್ಲುತ್ತದೆ, ಆದರೆ ನನ್ನ ಎಣಿಕೆ 22ರಲ್ಲೇ ಇತ್ತು. ಅವರು ಹಿಂದಕ್ಕೆ ಸುತ್ತುವ ಪುಟ್ಟ ಹಿಡಿಕೆಯನ್ನು ಎತ್ತಿ, ಅದರ ಬಾಣದ ದಿಕ್ಕಿಗೆ ಬೆರಳ ತುದಿಯಿಂದ ತುಸುವೇ ತಿರುಗಿಸಿದರು. ಫಿಲ್ಮ್ ಕೊನೆ ಮುಟ್ಟಿ ಬಿಗಿದಿದ್ದರೆ ಹಿಡಿಕೆ ಕೂಡಲೇ ತಡೆಯುತ್ತಿತ್ತು. ಅದು ಸಡಿಲವಾಗಿ ಕಾಲು ಸುತ್ತು ಬಂತು. ಹಾಗಾಗಿ ಡಬ್ಬಿಯಲ್ಲಿ ಇನ್ನೂ ಫಿಲ್ಮ್ ಉಳಿದಿದೆ, ತಡೆ ಇರುವುದು ಇನ್ನೊಂದು ತುದಿಯಲ್ಲಿ ಎಂಬ ತೀರ್ಮಾನಕ್ಕೆ ಬಂದರು.

ಆ 22 ಚಿತ್ರಗಳನ್ನು ಉಳಿಸಬೇಕಿತ್ತು. ಮರಿಹುಲಿಯ ವೇಷ ಹಾಕಿದ್ದ ನನ್ನ ಅಣ್ಣನ ಮಗ ಅದರಲ್ಲಿದ್ದ. ಬೆಳಗಿನಿಂದ ಬಣ್ಣ ಒಣಗಲೆಂದು ಕೈಗಳನ್ನು ಅಗಲಿಸಿ ನಿಂತಿದ್ದ ಅವನ ಚಿತ್ರವನ್ನು ಮತ್ತೆ ತೆಗೆಯಲು ಸಾಧ್ಯವಿರಲಿಲ್ಲ. ಕ್ಯಾಮೆರಾದ ತಳದ ಗುಂಡಿಯನ್ನು ಒತ್ತಿದರೆ ಹಲ್ಲಿನ ಉರುಳೆ ಗಿಯರಿನಿಂದ ಬಿಡಿಸಿಕೊಂಡು ಫಿಲ್ಮ್ ಹಿಂದಕ್ಕೆ ಬರಬೇಕು. ನನ್ನದರಲ್ಲಿ ಗುಂಡಿ ಒಳಗೆ ಹೋಗುತ್ತಿತ್ತು, ಉರುಳೆ ಬಿಡುತ್ತಿರಲಿಲ್ಲ. ಬಲವಂತವಾಗಿ ಸುತ್ತಿದರೆ ರಂಧ್ರಗಳು ಹರಿಯುತ್ತವೆ ಎಂದು ಅವರು ಆ ಯತ್ನವನ್ನು ಅಲ್ಲಿಗೇ ಬಿಟ್ಟು, ಎರಡು ತೋಳುಗಳಿರುವ ದಪ್ಪ ಕಪ್ಪು ಚೀಲವನ್ನು ಹೊರತೆಗೆದರು. ಕ್ಯಾಮೆರಾ, ಒಂದು ಸಣ್ಣ ಕತ್ತರಿ, ಬೆಳಕು ಹೋಗದ ಖಾಲಿ ಫಿಲ್ಮ್ ಡಬ್ಬಿ, ಇವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು, ತೋಳುಗಳೊಳಗೆ ಕೈ ತೂರಿಸಿ, ಕಿಟಕಿಯ ಹೊರಗೆ ನೋಡುತ್ತಾ ಕೆಲಸ ಶುರುಮಾಡಿದರು. ಏನೂ ಕಾಣದ ಕೆಲಸವಾದ್ದರಿಂದ ಒಳಗೆ ಆಗುತ್ತಿದ್ದುದನ್ನು ಬಾಯಲ್ಲಿ ಹೇಳುತ್ತಾ ಹೋದರು: ಹಿಂಬಾಗಿಲು ತೆರೆಯಿತು, ಫಿಲ್ಮ್ ಅಂಚನ್ನು ಬೆರಳಿನಿಂದ ಉರುಳೆಯ ಹಲ್ಲುಗಳಿಂದ ಎಬ್ಬಿಸಿದೆ, ಎರಡು ರಂಧ್ರ ಹರಿದಿವೆ, ಈಗ ಡಬ್ಬಿಗೆ ಕೈಯಿಂದಲೇ ಸುತ್ತುತ್ತಿದ್ದೇನೆ. ಕತ್ತರಿ ಬೇಕಾಗಲಿಲ್ಲ. ಏಳೆಂಟು ನಿಮಿಷ ಹಿಡಿದಿರಬೇಕು. ಸೆಪ್ಟೆಂಬರಿನ ಸೆಖೆಗೆ ಚೀಲದಿಂದ ಹೊರಬಂದ ಅವರ ಕೈಗಳು ಮೊಣಕೈಯವರೆಗೆ ಒದ್ದೆಯಾಗಿದ್ದವು. ಚೀಲದೊಳಗೆ ಹೆಚ್ಚು ಹೊತ್ತು ಕೈಯಿಟ್ಟರೆ ಬೆವರಿನ ಹಬೆಗೆ ಫಿಲ್ಮಿನ ಪದರ ಮೆತ್ತಗಾಗಿ ಬೆರಳಚ್ಚು ಮೂಡುತ್ತದೆ, ಅದಕ್ಕೇ ನಡುವೆ ನಿಲ್ಲಿಸಲಿಲ್ಲ ಎಂದರು.

ಫಿಲ್ಮ್ ಹೊರಬಂದ ಮೇಲೂ ಲೀವರ್ ಅದೇ ಜಾಗದಲ್ಲಿ ನಿಂತಿತು. ತಳದ ಪುಟ್ಟ ಸ್ಕ್ರೂಗಳನ್ನು ಬಿಚ್ಚಿ, ಪ್ರತಿಯೊಂದನ್ನೂ ಅದು ಇದ್ದ ಕ್ರಮದಲ್ಲೇ ಅಂಟುಪಟ್ಟಿಯ ಮೇಲೆ ಕೂರಿಸಿ, ತಳದ ತಗಡನ್ನು ಎತ್ತಿದರು. ಒಳಗೆ ಹಳದಿ ಲೋಹದ ಚಕ್ರಗಳು, ಅವುಗಳ ನಡುವೆ ಕಂದುಬಣ್ಣಕ್ಕೆ ತಿರುಗಿ ಮೇಣದಂತಾಗಿದ್ದ ಹಳೆಯ ಗ್ರೀಸು. ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಚಿಮಟಿಯ ತುದಿಯಿಂದ ಹಲ್ಲಿನ ಉರುಳೆಯ ಬುಡದಲ್ಲಿ ಹುಡುಕಿ, ಒಂದು ಚೂರನ್ನು ತೆಗೆದು ಬಿಳಿಯ ಕಾಗದದ ಮೇಲೆ ಇಟ್ಟರು. ಅಕ್ಕಿಕಾಳಿನಷ್ಟೂ ಇಲ್ಲದ ಫಿಲ್ಮ್ ತುಣುಕು ಅದು. ಒಂದು ಕಡೆ ರಂಧ್ರದ ದುಂಡನೆಯ ಮೂಲೆ ಸ್ಪಷ್ಟವಾಗಿ ಉಳಿದಿತ್ತು, ಇನ್ನೊಂದು ಕಡೆ ಗಿಯರಿನ ಹಲ್ಲು ಕಚ್ಚಿದ ಮೂರು ಗೀರುಗಳು. ತುಣುಕು ಹೊರಬಂದ ಮೇಲೆ ಲೀವರನ್ನು ತಿರುಗಿಸಿದರೆ ಅದು ಕೊನೆಯವರೆಗೆ ಹೋಗಿ, ಶಟರ್ ಬಿಗಿದ ಆ ಮೆಲ್ಲನೆಯ ಟಕ್ ಸದ್ದು ಕೇಳಿಸಿತು.

ಆ ತುಣುಕು ಒಳಗಿದ್ದ ರೋಲಿನದಲ್ಲ. ಅದು ಕಪ್ಪು-ಬಿಳುಪು ಫಿಲ್ಮಿನದು, ಅಂದು ನಾನು ಹಾಕಿದ್ದದ್ದು ಬಣ್ಣದ್ದು. ಯೋಚಿಸಿದಾಗ ನೆನಪಾಯಿತು: ಜನವರಿಯ ಮಕರ ಸಂಕ್ರಾಂತಿಯಂದು ಮೂರು ತೇರುಗಳ ಉತ್ಸವದಲ್ಲಿ 36 ಚಿತ್ರ ಮುಗಿದು, 37ನೆಯದೂ ಸಿಕ್ಕಿ, ಇನ್ನೊಂದು ಸಿಗಬಹುದೆಂದು ಲೀವರನ್ನು ಬಲವಾಗಿ ತಳ್ಳಿದ್ದೆ. ಫಿಲ್ಮಿನ ಕೊನೆ ಡಬ್ಬಿಯ ಒಳಗಿನ ಅಚ್ಚಿಗೆ ಅಂಟಿಕೊಂಡಿರುತ್ತದೆ; ಅದು ಬಿಡದಿದ್ದಾಗ ಉರುಳೆಯ ಹಲ್ಲುಗಳು ರಂಧ್ರಗಳನ್ನೇ ಹರಿದುಕೊಂಡು ತಿರುಗುತ್ತವೆ. ಹಾಗೆ ಹರಿದ ಚೂರು ಎಂಟು ತಿಂಗಳು ಒಳಗೇ ಅಲೆದು, ಗ್ರೀಸಿಗೆ ಅಂಟಿ, ವಿಟ್ಲಪಿಂಡಿಯ ದಿನ ಗಿಯರಿನ ಬಾಯಿಗೆ ಬಿದ್ದಿತ್ತು. ದೋಷ ಕ್ಯಾಮೆರಾದ್ದಲ್ಲ, ಪೂರ್ತಿ ನನ್ನದು.

ಇಂಥ ಚೂರುಗಳನ್ನು ಅವರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ಮುಚ್ಚಳ ತೆರೆದು ತೋರಿಸಿದರು, ಕಾಲುಭಾಗ ತುಂಬಿತ್ತು. ಅವುಗಳಲ್ಲಿ ಕೆಲವು ಹಳೆಯ ಲೈಕಾಗಳಿಂದ ಬಂದವಂತೆ. ಸ್ಕ್ರೂ ಮಾದರಿಯ ಆ ಲೈಕಾಗಳಲ್ಲಿ ಫಿಲ್ಮನ್ನು ತಳದಿಂದ ತೂರಿಸಬೇಕು, ಅದಕ್ಕಾಗಿ ಮುಂಭಾಗದ ನಾಲಿಗೆಯನ್ನು ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಈಗ ಅಂಗಡಿಯಲ್ಲಿ ಸಿಗುವ ರೋಲುಗಳ ನಾಲಿಗೆ ಗಿಡ್ಡವಾಗಿರುವುದರಿಂದ, ಹಾಗೆಯೇ ತೂರಿಸಿದರೆ ಅಂಚು ಸಿಕ್ಕಿಕೊಂಡು ಹರಿಯುತ್ತದೆ. ನನ್ನ ಕ್ಯಾನನೆಟ್ಟಿಗೆ ಆ ಚಿಂತೆಯಿಲ್ಲ. ಅದರ ಹಿಂಬಾಗಿಲು ತೆರೆದು, ಫಿಲ್ಮಿನ ತುದಿಯನ್ನು ಗುರುತಿನವರೆಗೆ ಎಳೆದು ಬಾಗಿಲು ಮುಚ್ಚಿದರೆ ಸಾಕು, ಒಳಗಿನ ಲೋಹದ ರೆಕ್ಕೆಯೇ ಒತ್ತಿ ಹಿಡಿಯುತ್ತದೆ. ಹೆಸರಿನಲ್ಲಿರುವ ಕ್ಯೂಎಲ್ ಅಕ್ಷರಗಳು ಸೂಚಿಸುವುದು ಈ ಸೌಕರ್ಯವನ್ನೇ.

ತುಣುಕು ತೆಗೆದ ಕೂಡಲೇ ಕ್ಯಾಮೆರಾ ಕೈಗೆ ಕೊಟ್ಟು ಹಣ ತೆಗೆದುಕೊಂಡಿದ್ದರೂ ನಾನು ಸಂತೋಷದಿಂದಲೇ ಹೋಗುತ್ತಿದ್ದೆ. ಅವರು ಕೊಡಲಿಲ್ಲ. ಹಿಂಬಾಗಿಲು ತೆರೆದು, ಶಟರಿನ ಎಲೆಗಳನ್ನು ಬೆಳಕಿಗೆ ಹಿಡಿದು, ಕಾಲು ಸೆಕೆಂಡಿನ ವೇಗದಲ್ಲಿ ಹತ್ತು ಸಲ ಬೀಳಿಸಿದರು. ಎರಡು ಸಲ ಎಲೆಗಳು ಮುಚ್ಚಿಕೊಳ್ಳಲು ತಡಮಾಡಿದ್ದನ್ನು ನನಗೂ ತೋರಿಸಿದರು. ಹಳೆಯ ಎಣ್ಣೆ ಹಬೆಯಾಗಿ ಎಲೆಗಳ ಮೇಲೆ ಕೂತು ಅಂಟಾಗಿದೆ, ಇಂದಲ್ಲ ನಾಳೆ ಇದೇ ಕಾರಣಕ್ಕೆ ಇನ್ನೊಮ್ಮೆ ನಿಲ್ಲುತ್ತದೆ, ಆಗ ಲೀವರ್ ಆರಂಭದಲ್ಲೇ ನಿಲ್ಲುತ್ತದೆ ಎಂದರು. ಬಿಟ್ಟುಹೋಗಲು ಒಪ್ಪಿದೆ. ಮುಂಭಾಗದ ಉಂಗುರವನ್ನು ರಬ್ಬರಿನ ಬಿರಡೆಯಿಂದ ತಿರುಗಿಸಿ ತೆಗೆದು, ಮುಂದಿನ ಗಾಜಿನ ಭಾಗವನ್ನು ಬಿಚ್ಚಿ, ಲೈಟರಿಗೆ ಹಾಕುವ ದ್ರವದಲ್ಲಿ ಎಲೆಗಳನ್ನು ಮತ್ತೆ ಮತ್ತೆ ತೊಳೆದು, ನಡುವೆ ಒಂದೊಂದು ದಿನ ಒಣಗಲು ಬಿಟ್ಟಿದ್ದರು. ಎಲೆಗಳಿಗೆ ಎಣ್ಣೆ ಹಾಕಲೇಬಾರದು, ಅವು ಒಣಗಿಯೇ ಓಡಬೇಕು ಎಂಬುದನ್ನು ಕ್ಯಾಮೆರಾ ಮರಳಿ ಕೊಡುವಾಗ ಒತ್ತಿ ಹೇಳಿದರು. ತಳದ ಗಿಯರುಗಳ ಹಳೆಯ ಗ್ರೀಸನ್ನು ತೆಗೆದು ಹೊಸತನ್ನು ಸೂಜಿಯ ತುದಿಯಷ್ಟೇ ಹಚ್ಚಿದ್ದರು. ದೂರ ಹೊಂದಿಸುವ ರೇಂಜ್‌ಫೈಂಡರಿನ ಎರಡು ಬಿಂಬಗಳು ದೂರದ ವಸ್ತುವಿಗೆ ಸರಿಯಾಗಿ ಕೂಡುತ್ತವೆಯೇ ಎಂಬುದನ್ನು ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕಿನ ಅಂಚನ್ನು ನೋಡಿ ನನ್ನೆದುರೇ ಪರೀಕ್ಷಿಸಿದರು.

ಇನ್ನು ಕೊರತೆಗಳು. ಆರು ದಿನ ಎಂದು ಹೇಳಿದ ಕೆಲಸಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ತಡವಾಗುತ್ತದೆ ಎಂದು ಅವರಾಗಿ ತಿಳಿಸಲಿಲ್ಲ, ಫೋನ್ ಎತ್ತಿದ್ದೂ ಒಂದೇ ಸಲ. ಉಡುಪಿಯಿಂದ ಸುಮಾರು 60 ಕಿಲೋಮೀಟರ್ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಎರಡು ಬಾರಿ ಬರಿಗೈಯಲ್ಲಿ ಮರಳಿದೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ ಎಂಬುದೂ ಹೋದ ಮೇಲೆಯೇ ತಿಳಿದದ್ದು. ಲಿಖಿತ ರಶೀದಿ ಕೊಡುವುದಿಲ್ಲ. ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯುವ ಸ್ಪಂಜು ಕರಗಿ ಟಾರಿನಂತಾಗಿದ್ದುದನ್ನು ಕೆರೆದು ತೆಗೆದು ಕಪ್ಪು ಉಣ್ಣೆಯ ನೂಲನ್ನು ಕೂರಿಸಿದ್ದರು. ಅದು ಒಳ್ಳೆಯ ಹಳೆಯ ಪದ್ಧತಿಯೇ ಆದರೂ ಬಿಜಾಗರದ ಕಡೆ ಸ್ವಲ್ಪ ಕಡಿಮೆಯಾಗಿತ್ತು. ನಾನು ತೆಗೆದ ಮೊದಲ ರೋಲಿನ ಏಳು ಚಿತ್ರಗಳ ಮೇಲೆ ಕಿತ್ತಳೆ ಬಣ್ಣದ ಗೆರೆ ಬಂತು. ಮರಳಿ ಒಯ್ದಾಗ ಚಿತ್ರಗಳನ್ನು ನೋಡಿ, ತಪ್ಪು ತಮ್ಮದೆಂದು ಹೇಳಿ, ಆ ಭಾಗಕ್ಕೆ ಕಪ್ಪು ವೆಲ್ವೆಟ್ ಅಂಟಿಸಿ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಒಟ್ಟು ಖರ್ಚು 1,800 ರೂಪಾಯಿ. ನಾನು ಕಣ್ಣಾರೆ ಕಂಡ ಕೆಲಸಕ್ಕೆ ಅದು ಕಡಿಮೆಯೇ. ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾಗಳನ್ನು ಅವರು ಮುಟ್ಟುವುದಿಲ್ಲ, ಅದನ್ನು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಡಿಜಿಟಲ್ ತಂದವರನ್ನು ನನ್ನೆದುರೇ ಬೇರೆ ಕಡೆಗೆ ಕಳುಹಿಸಿದರು.

ಬ್ಯಾಟರಿಯ ವಿಷಯದಲ್ಲಿ ಅವರ ಸಲಹೆ ನನಗೆ ಉಪಯೋಗವಾಯಿತು. ಈ ಕ್ಯಾಮೆರಾಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ಶ್ರವಣ ಸಾಧನಕ್ಕೆ ಬಳಸುವ 675 ಸಂಖ್ಯೆಯ ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್ ಕೊಡುತ್ತದೆ, ಸುತ್ತಲೂ ಒಂದು ರಬ್ಬರ್ ಉಂಗುರ ಹಾಕಿದರೆ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಅಂಟುಕಾಗದ ಕಿತ್ತ ಮೇಲೆ ಹೆಚ್ಚು ಕಾಲ ಬಾಳುವುದಿಲ್ಲ ಎಂಬುದೊಂದೇ ತೊಂದರೆ. ಅದೂ ಇಲ್ಲದಿದ್ದರೆ ‘ಎ’ ಬಿಟ್ಟು ಕೈಯಿಂದಲೇ ತೆರಪು, ವೇಗ ಇಟ್ಟುಕೊಂಡು ತೆಗೆಯಬಹುದು, ಶಟರಿಗೆ ಬ್ಯಾಟರಿಯ ಹಂಗಿಲ್ಲ.

ಚರ್ಮದ ಕವಚದಲ್ಲಿಟ್ಟು ಕಪಾಟಿನಲ್ಲಿ ಮುಚ್ಚಿಡಬೇಡಿ ಎಂದೂ ಅವರು ಹೇಳಿದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಊರುಗಳಲ್ಲಿ ಚರ್ಮ ತೇವವನ್ನು ಹೀರಿಕೊಂಡು ಅದನ್ನೇ ಲೆನ್ಸಿಗೆ ಕೊಡುತ್ತದೆ, ಗಾಜಿನ ಮೇಲೆ ಜೇಡರ ಬಲೆಯಂಥ ಬೂಸು ಹಬ್ಬುತ್ತದೆ. ಗಾಳಿಯಾಡದ ಅಡುಗೆಮನೆಯ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಶಟರನ್ನು ನಾಲ್ಕೈದು ಸಲ ಬೀಳಿಸುವುದು, ಇಷ್ಟು ಸಾಕಂತೆ. ದೊಡ್ಡಪ್ಪನ ಚರ್ಮದ ಕವಚವನ್ನು ಈಗ ಬೇರೆಯೇ ಇಟ್ಟಿದ್ದೇನೆ.

ಉಳಿಸಿಕೊಂಡ ರೋಲನ್ನು ಬೆಂಗಳೂರಿನ ಲ್ಯಾಬ್ ಒಂದಕ್ಕೆ ಕೊರಿಯರ್ ಮಾಡಿ ತೊಳೆಸಿದೆ, ರಂಧ್ರ ಹರಿದಿರುವುದನ್ನು ಚೀಟಿಯಲ್ಲಿ ಬರೆದು ತಿಳಿಸಿದ್ದೆ. 21 ಚಿತ್ರಗಳು ಸ್ವಚ್ಛವಾಗಿ ಬಂದವು, ಮರಿಹುಲಿಯದೂ ಬಂತು. 22ನೆಯದರ ಕೆಳಗಿನ ಮೂಲೆಯಲ್ಲಿ ಮಾತ್ರ ಹರಿದ ರಂಧ್ರದ ಅಂಚು ಒಳಕ್ಕೆ ಮಡಚಿ ಕಪ್ಪಾಗಿದೆ. ತಾಸೆಯವನ ಕೈ ಅಲ್ಲಿ ಅರ್ಧ ಮರೆಯಾಗಿದೆ. ವೆಲ್ವೆಟ್ ಹಾಕಿಸಿದ ಮೇಲಿನ ರೋಲನ್ನು ಮಲ್ಪೆಯ ಬಂದರಿನಲ್ಲಿ, ದೋಣಿಗಳು ಮೀನು ಇಳಿಸುವ ಹೊತ್ತಿಗೆ ತೆಗೆದೆ. 36 ಆಯಿತು, ಲೀವರ್ ನಡುವೆ ಬಂದು ನಿಂತಿತು, ಹೆಬ್ಬೆರಳನ್ನು ತೆಗೆದು ತಳದ ಗುಂಡಿಯನ್ನೊತ್ತಿ ಫಿಲ್ಮನ್ನು ಹಿಂದಕ್ಕೆ ಸುತ್ತಿಕೊಂಡೆ.